ಗೌತಮನಿಗಿಂತ ಮೊದಲು ನಾನು ತೆರೆದ ಬಾಗಿಲು

ಹೋದ ವಾರ ಅಂಗಡಿಯಿಂದ ಚಹಾ ಹೇಳಿ ಬರಲು ಹೊರಟವಳು ಗಲ್ಲಿಯ ಬಾಯಲ್ಲೇ ನಿಂತುಬಿಟ್ಟೆ. ಸೋಲಾಪುರದ ನವಿ ಪೇಠೆಯಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯ ಹಿಂದೆ, ಹಳೆಯ ಟಿ.ವಿ. ರಿಪೇರಿ ಮಾಡುವ ಮುದುಕರೊಬ್ಬರು ಕೂಡುತ್ತಾರೆ. ಅವರು ಎಲ್ಲಿಂದಲೋ ಬಂದ ಹಳೆಯ ಕಂಪ್ಯೂಟರಿನ ಡಬ್ಬಿಯಂಥ ಪರದೆಯೊಂದನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದ್ದರು. ಅದರ ಬೆನ್ನಿನ ಸೀಳುಗಳಿಂದ ಕಾದ ಧೂಳಿನ ವಾಸನೆ ಬರುತ್ತಿತ್ತು. ಹೊಸ ಬಟ್ಟೆಯ ಗಂಜಿಯ ವಾಸನೆ ಒಂದು ಕಡೆ, ಭಜಿ ಕರಿಯುವ ಎಣ್ಣೆಯ ವಾಸನೆ ಇನ್ನೊಂದು ಕಡೆ. ಇವೆರಡರ ನಡುವೆ ದಾರಿ ಮಾಡಿಕೊಂಡು ಆ ವಾಸನೆ ಬಂದು ನನ್ನ ಗಂಟಲಲ್ಲಿ ಕುಳಿತಿತು.

"ಏನ್ ಬೇಕವ್ವಾ?" ಎಂದರು ಮುದುಕರು.

"ಏನಿಲ್ರಿ ಕಾಕಾ. ವಾಸನಿ ಬಂತು, ನಿಂತೆ."

"ವಾಸನಿ ಫುಕಟ್ ಐತಿ. ಬೇಕಾದಷ್ಟ ತಗೊ."

ಅವರು ನಕ್ಕರು. ನನಗೆ ನಗಲಾಗಲಿಲ್ಲ. ಆ ವಾಸನೆಯ ಹಿಂದೆ ನನ್ನ ಒಂದು ಮಳೆಗಾಲವಿದೆ. ನನ್ನ ಜೀವನದಲ್ಲಿ ನಾನು ಕಂಡ ಅತಿ ದೊಡ್ಡ ವಸ್ತುವನ್ನು ಕಂಡದ್ದು ಆ ಮಳೆಗಾಲದಲ್ಲಿ. ತಮ್ಮನಿಗೆ ಮೋಸ ಮಾಡಿದ್ದೂ ಅದೇ ಮಳೆಗಾಲದಲ್ಲಿ. ಎರಡೂ ಒಂದೇ ಗಳಿಗೆಯಲ್ಲಿ ಆದವು. ಅದಕ್ಕೇ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ.

ನಮ್ಮದು ಅಕ್ಕಲಕೋಟೆ ತಾಲೂಕಿನ ತಡವಳ. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಓದಿದೆ. ಆಮೇಲೆ ಅವ್ವನ ಜೊತೆ ಹೊಲದ ಕೂಲಿ, ದೊಡ್ಡವಳಾದ ಮೇಲೆ ಸೋಲಾಪುರದ ಈ ಅಂಗಡಿ. ತಮ್ಮ ಗೌತಮ ಮರಾಠಿಯಲ್ಲಿ ಓದಿ ಬಾರಾವಿ, ಅಂದರೆ ಹನ್ನೆರಡನೆಯ ಇಯತ್ತೆ ಮುಗಿಸಿ, ಪೊಲೀಸ್ ನೌಕರಿಯ ಭರತಿಗೆ ತಯಾರಾಗುತ್ತಿದ್ದ. ಅವನು ಓಡುವುದನ್ನು ನೋಡಬೇಕಿತ್ತು. ಬೆಳಗಿನ ಮೊದಲ ಬಸ್ಸು ಊರು ಬಿಡುವ ಹೊತ್ತಿಗೆ ಅವನು ನಾಕಾ ಮುಟ್ಟಿ ತಿರುಗಿ ಬರುತ್ತಿದ್ದ. ಡ್ರೈವರು ಅವನನ್ನು ಕಂಡು ಹಾರ್ನ್ ಹೊಡೆಯುತ್ತಿದ್ದರು. ಬುದ್ಧ ವಿಹಾರದ ಕಟ್ಟೆಯ ಮೇಲೆ ಕೂತ ಹಿರಿಯರು, "ಗೌತ್ಯಾ, ಕಳ್ಳರು ಇನ್ನಾ ಮಕ್ಕೊಂಡಾರೋ, ಈಗ್ಯಾಕ ಓಡಾಕತ್ತಿ?" ಎನ್ನುತ್ತಿದ್ದರು.

ಕೊರೊನಾ ಬರುವುದಕ್ಕೆ ಸ್ವಲ್ಪ ಮೊದಲಿನ ವರ್ಷ. ಮಿರಗದ ಮಳೆ ಕೂಡಿ ನಾಲ್ಕು ಹನಿ ಬಿದ್ದ ಸಂಜೆ ಅವನು ಗೆಳೆಯನ ಮೋಟಾರ್ ಸೈಕಲ್ ಮೇಲೆ ಊರಿಗೆ ಬರುತ್ತಿದ್ದ. ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಬಂದ ಎರೆಮಣ್ಣು ರಸ್ತೆಯ ಮೇಲೆಲ್ಲ ಬಿದ್ದಿತ್ತು. ನಮ್ಮ ಕಡೆಯ ಎರೆಮಣ್ಣು ಜೋರು ಮಳೆಯಲ್ಲಿ ಅಷ್ಟು ಜಾರುವುದಿಲ್ಲ, ನಾಲ್ಕು ಹನಿಗೆ ಬೆಣ್ಣೆಯಾಗುತ್ತದೆ. ಗಾಡಿ ಜಾರಿತು. ಬಲಗಾಲು ಮಂಡಿಯ ಕೆಳಗೆ ಮುರಿಯಿತು. ಸೋಲಾಪುರದಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿ ಮೇಲೆ ಪ್ಲಾಸ್ಟರ್ ಕಟ್ಟಿದರು. ನಡೆಯುತ್ತಾನೆ, ಆದರೆ ಭರತಿಯ ಓಟ ಮರೆತುಬಿಡಿ ಎಂದರು.

ಆಸ್ಪತ್ರೆಗೆ ಹೋಗಿ ಬರಲು ಸರಿಯಾಗಲೆಂದು ಅಕ್ಕಲಕೋಟೆಯಲ್ಲಿ ಒಂದು ಖೋಲಿ ಹಿಡಿದೆವು. ಹಿಟ್ಟಿನ ಗಿರಣಿಯ ಹಿಂದೆ, ತಗಡಿನ ಮಾಡಿನ ಖೋಲಿ. ನಾನು ಬೆಳಿಗ್ಗೆ ಎಸ್‌.ಟಿ. ಹತ್ತಿ ಸೋಲಾಪುರಕ್ಕೆ ಹೋಗಿ ಸಂಜೆ ಬರುತ್ತಿದ್ದೆ. ಅವ್ವ ಊರಿಂದ ಬಂದು ಹೋಗುತ್ತಿದ್ದಳು. ಗೌತಮ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ತಿರುಗಲಿಲ್ಲ. ಏನು ಕೇಳಿದರೂ ಹೂಂ, ಉಹೂಂ. ಆಮೇಲೆ ಅದೂ ಇಲ್ಲ. ಗಿರಣಿ ತಿರುಗುವಾಗ ಗೋಡೆ ನಡುಗುತ್ತಿತ್ತು. ಅವನು ಆ ನಡುಗುವ ಗೋಡೆಯನ್ನೇ ನೋಡುತ್ತ ಮಲಗಿರುತ್ತಿದ್ದ.

ಅಂಥದ್ದರಲ್ಲಿ ನಮ್ಮ ಶೇಟ್ರು ಅಂಗಡಿಗೆ ಹೊಸ ಕಂಪ್ಯೂಟರ್ ತಂದರು. ಹಳೆಯದು ಮೂಲೆಗೆ ಬಿತ್ತು.

"ಕಸ್ತೂರಿ, ಇದು ಇನ್ನ ಗುಜರಿ, ಭಂಗಾರಕ್ಕ ಹಾಕೋದು. ನಿನ್ನ ತಮ್ಮಗ ಒಯ್ತಿ ಏನು? ಮಕ್ಕೊಂಡಲ್ಲೇ ಟೈಮ್‌ಪಾಸ್ ಆಗ್ತದ."

"ಅವಗ ಬರ್ತದೋ ಇಲ್ಲೋ ಶೇಟ್ರ."

"ನನಗೆಲ್ಲಿ ಬರ್ತಿತ್ತು? ಬಿಲ್ ತಗೀಲಿಕ್ಕೆ ಕಲೀಲಿಲ್ಲೇನು? ಒಯ್ಯಿ."

ಪರದೆಯನ್ನು ಚಾದರಿನಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಉಳಿದ ಡಬ್ಬಿ ಕಾಲ ಸಂದಿಯಲ್ಲಿ. ಪಕ್ಕದ ಅಜ್ಜಿ ಗಂಟು ಮುಟ್ಟಿ ನೋಡಿ, "ಗಣಪತಿ ಏನವ್ವಾ? ಇಷ್ಟ ಲಗೂನ ತಂದಿ?" ಎಂದಳು. ಕಂಡಕ್ಟರು, "ಗಣಪತಿ ಅಲ್ಲಬೇ, ಇದು ಹಳೇ ಕಾಲದ ದೇವರು. ಈಗ ಯಾರೂ ಪೂಜಿ ಮಾಡಂಗಿಲ್ಲ" ಎಂದ. ಬಸ್ಸೆಲ್ಲ ನಕ್ಕಿತು.

ಅದರೊಳಗೆ ಒಂದು ಆಟವಿತ್ತು. ಶೇಟ್ರ ಮಗ ಕಾಲೇಜಿನಲ್ಲಿದ್ದಾಗ ಹಾಕಿದ್ದು. ಆಗಲೇ ಅದು ಹಳೆಯ ಆಟವಾಗಿತ್ತಂತೆ. ಹೆಸರು ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬರಲಿಲ್ಲ, ಆಮೇಲೆ ಗೌತಮ ಓದಿ ಹೇಳಿದರೂ ನಾಲಿಗೆಗೆ ಹತ್ತಲಿಲ್ಲ. ನಾವು ಅದನ್ನು ಕೋಟೆ ಎಂದೇ ಕರೆದೆವು. ಬೇಸರಕ್ಕೆ ಎಂದು ಗೌತಮ ಅದನ್ನು ಒತ್ತಿದ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮೊದಲು ಗಾಳಿಯ ಸಪ್ಪಳ ಕೇಳಿತು. ಹೊರಗೆ ಗಾಳಿ ಬಿಟ್ಟಿದೆ ಎಂದು ಹಗ್ಗದ ಮೇಲಿನ ಬಟ್ಟೆ ತೆಗೆಯಲು ಎದ್ದೆ. ಹೊರಗೆ ಎಲೆ ಅಲುಗುತ್ತಿರಲಿಲ್ಲ. ಗಾಳಿ ಆ ಡಬ್ಬಿಯೊಳಗೆ ಬೀಸುತ್ತಿತ್ತು.

ತಿರುಗಿ ನೋಡಿದೆ. ಪರದೆಯಲ್ಲಿ ಕಲ್ಲಿನ ಅಂಗಳ. ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ಪಾಚಿ. ನೆಲದಿಂದ ಮಂಜು ಏಳುತ್ತಿತ್ತು. ದೂರದಲ್ಲೆಲ್ಲೋ ಗಂಟೆ. ಆಟ ಆಡುವ ಮನುಷ್ಯ ಎಲ್ಲೂ ಕಾಣಲಿಲ್ಲ. ಪರದೆಯ ಕೆಳಗೆ ಕಬ್ಬಿಣದ ಕೈಗವಸು ತೊಟ್ಟ ಒಂದು ಮುಷ್ಟಿ ಮಾತ್ರ ಇತ್ತು.

"ಮನಶ್ಯಾ ಎಲ್ಲದಾನೋ?" ಎಂದೆ.

"ಮನಶ್ಯಾ ಇಲ್ಲ ಅಕ್ಕಾ," ಎಂದ ಗೌತಮ. ಎಷ್ಟೋ ದಿನಗಳ ಮೇಲೆ ಅವನು ಆಡಿದ ಮೊದಲ ಮಾತು. "ಮನಶ್ಯಾ ನಾವ. ಇದು ನಮ್ಮ ಕೈ."

ಅವನು ಒಂದು ಗುಂಡಿ ಒತ್ತಿದ. ಅಂಗಳ ಮುಂದೆ ಬಂತು. ಅಲ್ಲ, ನಾವು ಮುಂದೆ ಹೋದೆವು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಕೋಟೆಯೇ ನಮ್ಮ ಊರಾಯಿತು. ನಡುವೆ ಒಂದು ದೊಡ್ಡ ಚೌಕ. ಅಲ್ಲಿಂದ ಕವಲು ಕವಲಾಗಿ ದಾರಿಗಳು: ಒಂದು ಕೆಸರಿನ ಕಾಡಿಗೆ, ಒಂದು ನೆಲದಡಿಯ ಕತ್ತಲೆಗೆ, ಒಂದು ಗಂಟೆಯ ಗೋಪುರಕ್ಕೆ. ಎಲ್ಲೋ ಒಂದು ಕಬ್ಬಿಣದ ಹಿಡಿಕೆ ಎಳೆದರೆ ಇನ್ನೆಲ್ಲೋ ಕಲ್ಲು ಸರಿದ ಸಪ್ಪಳ ಕೇಳುತ್ತಿತ್ತು. ಎಲ್ಲಿ ಎಂದು ಆಟ ಹೇಳುತ್ತಿರಲಿಲ್ಲ. ನಾವೇ ಹುಡುಕಬೇಕು. ಹಿಂದೆ ಬಂದ ದಾರಿಯಲ್ಲೆಲ್ಲ ತಿರುಗಿ ಹೋಗಿ, ಯಾವ ಗೋಡೆ ಈಗ ಬಾಗಿಲಾಗಿದೆ ಎಂದು ನೋಡಬೇಕು. ಭೂತಗಳು ಬರುತ್ತಿದ್ದವು, ಕೊಂಬಿನವು, ಎರಡು ತಲೆಯವು. ಅವು ಕಾಗದ ಕತ್ತರಿಸಿದಂತೆ ಚಪ್ಪಟೆ. ಸತ್ತು ಬಿದ್ದ ಮೇಲೆ ನಾವು ಯಾವ ಕಡೆ ಹೋಗಿ ನಿಂತರೂ ನಮ್ಮ ಕಡೆಗೇ ಮುಖ ಮಾಡಿ ಬಿದ್ದಿರುತ್ತಿದ್ದವು. ಅದಕ್ಕೆ ನಗುತ್ತಿದ್ದೆವು. ಆದರೆ ಕೋಟೆಯನ್ನು ಕಂಡು ನಗುತ್ತಿರಲಿಲ್ಲ.

"ಮೊಬೈಲ್‌ನ್ಯಾಗಿನ ಹೊಸಾ ಆಟ ಇದಕ್ಕಿಂತ ಛಂದ ಇರ್ತಾವಲ್ಲೋ?" ಎಂದು ಒಮ್ಮೆ ಕೇಳಿದೆ.

"ಛಂದ ಇರ್ತಾವ. ಆದ್ರ ಭಾಳ ಮಾತಾಡ್ತಾವ. ಇಲ್ಲಿ ಹೋಗು, ಇದನ್ನ ಹೊಡಿ, ಶಾಬ್ಬಾಸ್ ಅಂತಾವ. ಇದು ಏನೂ ಹೇಳಂಗಿಲ್ಲ ಅಕ್ಕಾ. ಸುಮ್ಮ ನಿಂತದ. ನಮಗ ಬೇಕಂದ್ರ ನೋಡ್ಕೋಬೇಕು."

ನನಗೆ ಬೇರೆಯೇ ಒಂದು ಬೆರಗು. ಗೋಡೆಯ ಹತ್ತಿರ ಹೋಗಿ ಮೂಗು ಹಚ್ಚಿ ನಿಂತರೆ ಕಲ್ಲು ಕಾಣುತ್ತಿರಲಿಲ್ಲ, ಸಣ್ಣ ಸಣ್ಣ ಚೌಕುಳಿಗಳು ಕಾಣುತ್ತಿದ್ದವು. ಬೂದಿ ಬಣ್ಣದ್ದೊಂದು, ಹಸಿರಿನದೊಂದು, ಕಂದಿದ್ದೊಂದು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವೇ ಕೂಡಿ ಪಾಚಿಗಟ್ಟಿದ ಹಳೆಯ ಕಲ್ಲಾಗುತ್ತಿದ್ದವು. ನಾನು ಬಟ್ಟೆಯವಳು. ಜಮಖಾನೆಯ ನವಿಲನ್ನು ಹತ್ತಿರದಿಂದ ನೋಡಿದರೆ ಹೀಗೇ, ಬರೀ ಎಳೆಯ ಚೌಕಗಳು. ಯಾರೋ ಕೂತು ಈ ಕೋಟೆಯನ್ನು ನೇಯ್ದಿದ್ದಾರೆ ಎಂದು ನನಗೆ ಅನ್ನಿಸಿತು. ಮಂಜು ನೇಯ್ದಿದ್ದಾರೆ, ಬೆಂಕಿ ನೇಯ್ದಿದ್ದಾರೆ, ಕಿಟಕಿಯ ಬಣ್ಣದ ಗಾಜು ನೇಯ್ದಿದ್ದಾರೆ. ಎಲ್ಲಿಯ ಜನವೋ. ನಮ್ಮ ಖೋಲಿಯಲ್ಲಿ ಇಬ್ಬರು ಕೂತು ನೋಡುತ್ತಾರೆ ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಕೆಲಸ ಹಂಚಿಹೋಗಿತ್ತು. ಕೈ ಅವನದು, ನೆನಪು ನನ್ನದು. ಅಂಗಡಿಯಲ್ಲಿ ಯಾವ ಬಟ್ಟೆಯ ಥಾನು ಯಾವ ಖಾನೆಯಲ್ಲಿದೆ ಎಂದು ನೋಡದೆ ಹೇಳುವುದೇ ನನ್ನ ನೌಕರಿ. ಕೋಟೆಯಲ್ಲೂ ಅದೇ ಉಪಯೋಗಕ್ಕೆ ಬಂತು.

"ಈಗ ಎಲ್ಲಿ ಅಕ್ಕಾ?"

"ಕೆಂಪು ಕಾಜಿನ ಕಿಡಕಿ ಇತ್ತಲ್ಲ, ಅದರ ಎದುರಿಗೆ ಒಂದು ಗ್ವಾಡಿ ಸ್ವಲ್ಪ ಬ್ಯಾರೇ ಬಣ್ಣದ್ದಿತ್ತು. ಅಲ್ಲಿ ನಡಿ."

ಅವನು ಹೋಗಿ ಆ ಗೋಡೆಯನ್ನು ತಳ್ಳುತ್ತಿದ್ದ. ಗೋಡೆ ಗುಡುಗುಡು ಎಂದು ಮೇಲೇಳುತ್ತಿತ್ತು. "ಅರೆ ತಿಚ್ಚಾ ಮಾಯಲಾ!" ಎಂದು ಅವನು ಖುಷಿಗೆ ಮರಾಠಿಯಲ್ಲಿ ಕೂಗಿದರೆ ಗಿರಣಿಯವರು ಇಣುಕಿ, "ಏನಾತೋ, ಕ್ರಿಕೇಟ್ ಹಚ್ಚೀರೇನು?" ಎನ್ನುತ್ತಿದ್ದರು.

ಬಸ್ಸಿನಲ್ಲಿ ಹೋಗುವಾಗ ಸೋಲಾಪುರದ ಭುಯಿಕೋಟೆ ಕಿಲ್ಲೆ ಕಾಣಿಸಿದರೆ ನನ್ನ ಕಣ್ಣು ಈಗ ಬೇರೆ ರೀತಿಯಲ್ಲಿ ಓಡುತ್ತಿತ್ತು. ಇಷ್ಟು ವರ್ಷ ಅದು ಕಲ್ಲಿನ ಗೋಡೆಯಾಗಿತ್ತು. ಈಗ ಯಾವ ಕಲ್ಲು ಬಣ್ಣ ಬೇರೆ ಇದೆ, ಯಾವುದನ್ನು ತಳ್ಳಿದರೆ ಸರಿದೀತು ಎಂದು ನೋಡುತ್ತಿದ್ದೆ. ಒಂದು ಆಟ ಮನುಷ್ಯರ ಕಣ್ಣನ್ನೇ ಬದಲು ಮಾಡಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೀಗೆ ಶ್ರಾವಣ ಕಳೆಯಿತು, ಗಣಪತಿ ಬಂದು ಹೋಯಿತು. ಡಾಕ್ಟರು ಪ್ಲಾಸ್ಟರ್ ಬಿಚ್ಚಿದರು. ಈಗ ಎದ್ದು ಕಾಲೂರಬೇಕು, ಮಂಡಿ ಮಡಚಬೇಕು, ತಡ ಮಾಡಿದರೆ ಅದು ಮಡಚುವುದನ್ನೇ ಮರೆಯುತ್ತದೆ ಎಂದು ಮೇಲಿಂದ ಮೇಲೆ ಹೇಳಿದರು. ಗೌತಮನಿಗೆ ಹೆದರಿಕೆ. ರಸ್ತೆಯ ಮೇಲೆ ಕೇಳಿದ ಆ ಎಲುಬಿನ ಸಪ್ಪಳ ಅವನ ಕಿವಿಯಿಂದ ಹೋಗಿರಲಿಲ್ಲ. ಕಾಲನ್ನು ನೆಲಕ್ಕೆ ಇಡು ಎಂದರೆ ಬೆವರುತ್ತಿದ್ದ. ಅವ್ವ ಅತ್ತಳು, ನಾನು ಬೈದೆ. ಉಪಯೋಗವಾಗಲಿಲ್ಲ.

ಅಷ್ಟರಲ್ಲಿ ನಾವು ಕೋಟೆಯ ಕೊನೆಯ ಬಾಗಿಲಿಗೆ ಬಂದಿದ್ದೆವು. ಅದು ಕೊನೆಯದೇ ಎಂದು ಯಾರೂ ಹೇಳಲಿಲ್ಲ, ಆದರೆ ನೋಡಿದರೆ ತಿಳಿಯುತ್ತಿತ್ತು. ಪರದೆಯಲ್ಲಿ ಹಿಡಿಸದಷ್ಟು ಎತ್ತರ, ತುದಿ ಕಾಣಬೇಕೆಂದರೆ ತಲೆ ಎತ್ತುವ ಗುಂಡಿ ಒತ್ತಬೇಕು. ಹಿತ್ತಾಳೆಯ ಪಟ್ಟಿ ಬಡಿದ ಕರಿ ಕಟ್ಟಿಗೆ. ಅದರ ಹಿಂದಿನಿಂದ ತುಂಬ ಜನ ಮೆಲ್ಲಗೆ ಹಾಡಿದಂಥ ಸ್ವರ ಬರುತ್ತಿತ್ತು. ಅಲ್ಲಿಗೆ ಬಂದ ಸಂಜೆ ಗೌತಮ ಕೈ ತೆಗೆದು ಕೂತ.

"ತಗಿಯೋ," ಎಂದೆ.

"ಇಲ್ಲಕ್ಕಾ. ಇದನ್ನ ಹಿಂಗ ತಗಿಯಂಗಿಲ್ಲ." ಅವನು ತನ್ನ ಕಾಲು ನೋಡಿಕೊಂಡ. "ನಾಳಿ ದವಾಖಾನಿಗೆ ಹೋಗಿ ಬರ್ತೀನಿ. ಬಂದು ಇಬ್ಬರೂ ಕೂಡಿ ಬಾಗಲಾ ತಗಿಯೂಣು. ಅದರ ಆಚಿಗೆ ಏನೈತಿ ನೋಡಿ, ಆ ಗಳಿಗಿಗೇ ನಾ ಎದ್ದು ನಿಂದರ್ತೀನಿ. ಖರೇ ಹೇಳ್ತೀನಿ. ಬಾಬಾಸಾಹೇಬರ ಆಣಿ."

ನಮ್ಮ ಮನೆಯಲ್ಲಿ ಆ ಆಣೆಯನ್ನು ಸುಮ್ಮನೆ ಇಡುವುದಿಲ್ಲ. ಅವ್ವ ಕಣ್ಣೊರೆಸಿಕೊಂಡಳು. ಅವನು ತನ್ನ ಜಾಗವನ್ನು ಕಂಪ್ಯೂಟರಿನಲ್ಲಿ ಸೇವ್ ಮಾಡಿ ಮಲಗಿದ.

ಮರುದಿನ ಅಂಗಡಿಗೆ ವಾರದ ಸುಟಿ. ಚಿಕ್ಕಪ್ಪನ ಜೀಪಿನಲ್ಲಿ ಅವನನ್ನು ಕಾಲು ಚಾಚಿ ಮಲಗಿಸಿಕೊಂಡು ಅವ್ವ ಸೋಲಾಪುರಕ್ಕೆ ಹೋದಳು. ನನಗೆ ಜಾಗವಿರಲಿಲ್ಲ. ಬಟ್ಟೆ ಒಗೆದೆ, ಜೋಳ ಹಸನು ಮಾಡಿದೆ. ಮಧ್ಯಾಹ್ನ ಮೋಡ ಕಟ್ಟಿ ಖೋಲಿಯಲ್ಲಿ ಕತ್ತಲಾಯಿತು. ಕಂಪ್ಯೂಟರ್ ಮೂಲೆಯಲ್ಲಿ ಚಾದರು ಹೊದ್ದು ಕೂತಿತ್ತು. ಬಾಗಿಲನ್ನು ಒಮ್ಮೆ ನೋಡಿ ಬಿಡೋಣ ಎಂದುಕೊಂಡೆ. ತೆರೆಯುವುದಿಲ್ಲ, ನೋಡುವುದಷ್ಟೆ. ಚಾಲೂ ಮಾಡಿದೆ. ಅವನು ಮಾಡುವುದನ್ನು ನೋಡಿ ನೋಡಿ ನನಗೂ ಬರುತ್ತಿತ್ತು: ಸೇವ್ ಮಾಡಿದ ಜಾಗದ ಪಟ್ಟಿಯಲ್ಲಿ ಎಲ್ಲಕ್ಕೂ ಮೇಲಿನ ಸಾಲು, ದೊಡ್ಡ ಗುಂಡಿ.

ಬಾಗಿಲು ಎದುರಿಗೆ ನಿಂತಿತು. ಒಳಗೆ ಹಾಡುತ್ತಿದ್ದರು.

ಎಷ್ಟು ಹೊತ್ತು ಕೂತೆನೋ. ನನ್ನ ಕೈ ಹೋಯಿತು. ಕೈಯೇ ಹೋಯಿತು, ನಾನಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನೇ ಒತ್ತಿದೆ. ಹುಟ್ಟಿದಾಗಿನಿಂದ ಎಲ್ಲವನ್ನೂ ಇನ್ನೊಬ್ಬರ ನಂತರ ನೋಡಿದವಳು ನಾನು. ಶಾಲೆಯ ಪುಸ್ತಕ ಇನ್ನೊಬ್ಬರು ಓದಿ ಬಿಟ್ಟದ್ದು, ಸೀರೆ ಗಿರಾಕಿ ಬೇಡವೆಂದದ್ದು. ಒಂದು ವಸ್ತುವನ್ನು ಎಲ್ಲರಿಗಿಂತ ಮೊದಲು ನೋಡಬೇಕು ಎನ್ನಿಸಿತು.

ಬಾಗಿಲು ಎರಡು ಕಡೆಗೆ ಸರಿಯಿತು. ನಾನು ಒಳಗೆ ಹೋದೆ.

ಮಾಡು ಇರಲಿಲ್ಲ. ಮೇಲೆ ನೇರಳೆ ಬಣ್ಣದ ಆಕಾಶ, ಅದು ನಿಧಾನವಾಗಿ ಹರಿಯುತ್ತಿತ್ತು, ನಮ್ಮ ಸೀನಾ ಹೊಳೆ ಹರಿದಂತೆ. ಎರಡೂ ಕಡೆ ಕಂಬಗಳು ಆ ಆಕಾಶದೊಳಗೆ ಹೋಗಿ ಮುಗಿಯದೆ ಉಳಿದಿದ್ದವು. ನೆಲವೂ ಇರಲಿಲ್ಲ. ನಾನು ಹೆಜ್ಜೆ ಇಟ್ಟಂತೆ ಕೆಳಗಿನ ಕತ್ತಲೆಯಿಂದ ಒಂದೊಂದೇ ಕಲ್ಲು ಎದ್ದು ಬಂದು ಕಾಲ ಕೆಳಗೆ ನಿಲ್ಲುತ್ತಿತ್ತು. ನಿಂತರೆ ಬರುತ್ತಿರಲಿಲ್ಲ, ನಡೆದರೆ ಮಾತ್ರ ಬರುತ್ತಿತ್ತು. ಬಲಗಡೆ ಬಣ್ಣದ ಗಾಜಿನ ಒಂದು ಕಿಟಕಿ, ನಮ್ಮ ಊರಿನ ಬಾವಿಯಷ್ಟು ದೊಡ್ಡದು. ಅದರೊಳಗಿಂದ ಬಿದ್ದ ಬೆಳಕು ಮಂಜಿನ ಮೇಲೆ ಸೀರೆ ಹಾಸಿದಂತೆ ಬಿದ್ದಿತ್ತು, ಕೆಂಪು, ನೀಲಿ, ಅರಿಶಿನ. ತುದಿಯಲ್ಲಿ ಒಂದು ಸಿಂಹಾಸನ. ಅದರ ಮೇಲೆ ಗುಡ್ಡದಂಥ ಏನೋ ಕೂತಿತ್ತು. ಅದರ ಬೆನ್ನು ನನ್ನ ಕಡೆ ಇತ್ತು. ಆ ಆಟದಲ್ಲಿ ಎಲ್ಲವೂ ನಮ್ಮ ಕಡೆಗೇ ಮುಖ ಮಾಡುತ್ತಿದ್ದವು. ಇದೊಂದು ಮಾತ್ರ ನಾನು ಇದ್ದೇನೆ ಎಂಬುದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಈಗಲೂ ಹೇಳಲಾರೆ. ಹಿಟ್ಟಿನ ಧೂಳು ತುಂಬಿದ ತಗಡಿನ ಖೋಲಿಯಲ್ಲಿ, ಒಂದು ಮೊಳದ ಪರದೆಯಲ್ಲಿ, ಅಷ್ಟು ಜಾಗ ಎಲ್ಲಿತ್ತು?

ಹಾಡು ನಿಂತಿತು. ಕೂತದ್ದು ತಿರುಗತೊಡಗಿತು. ಈ ನೋಟ ಕೈ ತಪ್ಪಿ ಹೋಗಬಾರದು ಎಂದು ನಾನು ಗಡಬಡಿಸಿ ಸೇವ್ ಮಾಡಿದೆ. ಎಲ್ಲಕ್ಕೂ ಮೇಲಿನ ಸಾಲಿಗೆ, ದೊಡ್ಡ ಗುಂಡಿ. ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಮತ್ತೆ ದೊಡ್ಡ ಗುಂಡಿ ಒತ್ತಿದೆ.

ಅಂಗಡಿಯಲ್ಲಿ ನಾವು ಕೆಲಸ ಮಾಡುವ ರೀತಿ ಅದು. ಗಿರಾಕಿಗೆ ತೋರಿಸಿದ ಸೀರೆಯನ್ನು ಮಡಚಿ ಥಪ್ಪಿಯ ಮೇಲಿಡುತ್ತೇವೆ. ಅದರ ಕೆಳಗೆ ಮೊದಲಿನದು ಇರುತ್ತದೆ, ಅದರ ಕೆಳಗೆ ಇನ್ನೊಂದು. ಮೇಲಿನದನ್ನು ಎತ್ತಿದರೆ ಕೆಳಗಿನದು ಸಿಗುತ್ತದೆ. ಮೇಲಿಟ್ಟದ್ದು ಕೆಳಗಿನದನ್ನು ತಿಂದುಬಿಡುತ್ತದೆ ಎಂಬುದನ್ನು ನಾನು ಯಾವ ಅಂಗಡಿಯಲ್ಲೂ ನೋಡಿರಲಿಲ್ಲ.

ಸಿಂಹಾಸನದ ಮೇಲಿನದು ಪೂರ್ತಿ ತಿರುಗಿತು. ಬೆಂಕಿ ಬಂತು. ನಾನು ಸತ್ತೆ. ಮೇಲಿನ ಸಾಲು ಒತ್ತಿದೆ. ಅದು ತಿರುಗುತ್ತಲೇ ಇತ್ತು, ಮತ್ತೆ ಸತ್ತೆ. ಬಾಗಿಲಿನ ಹೊರಗೆ, ಗೌತಮ ನಿಂತಿದ್ದ ಜಾಗಕ್ಕೆ ಹೋಗಲು ಎಷ್ಟು ಹುಡುಕಿದರೂ ದಾರಿ ಇರಲಿಲ್ಲ. ಅವನು ಇಟ್ಟುಕೊಂಡಿದ್ದು ಅದೊಂದೇ ಜಾಗ. ಬೇರೆ ಗುಂಡಿ ಒತ್ತಿದೆ. ಆಟ ಮೊದಲಿನ ಕಲ್ಲಿನ ಅಂಗಳಕ್ಕೆ ಒಯ್ದು ನಿಲ್ಲಿಸಿತು. ನಾನು ಒಳಗೆ ಹೋಗಿ ಕಂಡದ್ದು ಅವನಿಗೆ ತಿಳಿಯಬಾರದು ಎಂದು ಆ ಅಂಗಳವನ್ನೇ ಮೇಲಿನ ಸಾಲಿಗೆ ಇಟ್ಟೆ. ಮೊದಲಿನದು ಅರಿಯದ ತಪ್ಪು. ಇದು ಅರಿತು ಮಾಡಿದ್ದು.

ಸಂಜೆ ಜೀಪು ಬಂತು. ಗೌತಮ ಒಳಗೆ ಬರುತ್ತಲೇ, "ಅಕ್ಕಾ, ಚಹಾ ಆಮ್ಯಾಲ. ಮೊದಲ ಬಾಗಲಾ" ಎಂದ. ಮುಖದಲ್ಲಿ ಓಡುವ ದಿನಗಳ ಗೆಲುವು. ಚಾಲೂ ಮಾಡಿದ. ಕಲ್ಲಿನ ಅಂಗಳ ಬಂತು. ಗಾಳಿ ಬೀಸಿತು. ಅವನು ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ.

"ಅಕ್ಕಾ, ಲೈಟ್ ಹೋಗಿತ್ತೇನು?"

"ಹೂಂ," ಎಂದೆ. "ಎರಡ ಸಲ ಹೋಗಿತ್ತು. ಮಳಿ ಬರೂ ಹಂಗಿತ್ತಲ್ಲ."

ಅವನು ನನ್ನನ್ನು ನೋಡಲಿಲ್ಲ. ಪರದೆ ಆರಿಸಿದ. ಚಾದರು ಹೊದಿಸಿದ. ಗೋಡೆಯ ಕಡೆ ಹೊರಳಿದ.

ಆಗಲೇ ಹೇಳಬಹುದಿತ್ತು. ಜಾಗ ಕಳೆದೆ ಎಂದರೆ ಅವನು ಬೈದು ಬಿಡುತ್ತಿದ್ದ. ಆದರೆ ನಾನು ನೋಡಿಬಿಟ್ಟಿದ್ದೆ. ನೋಡಿದ ಸಂತೋಷ ಇನ್ನೂ ನನ್ನೊಳಗೆ ಬೆಚ್ಚಗಿತ್ತು, ಅದನ್ನು ಬಚ್ಚಿಟ್ಟುಕೊಂಡು ತಪ್ಪು ಒಪ್ಪುವುದು ಹೇಗೆಂದು ತಿಳಿಯಲಿಲ್ಲ. ಕೆಲವು ದಿನ ಬಿಟ್ಟು, "ಮೊದಲಿಂದ ಆಡೂಣು ಬಾರೋ, ದಾರಿ ಎಲ್ಲಾ ನೆಪ್ಪೈತಿ ನನಗ" ಎಂದೆ.

"ಮೊದಲಿಂದ?" ಎಂದ ಗೋಡೆಗೆ. "ನನಗ ಎಲ್ಲಾನೂ ಮೊದಲಿಂದನ ಆಗ್ಯದ ಅಕ್ಕಾ. ಇದೊಂದು ಯಾಕ ಮತ್ತ?"

ಅವನು ಎದ್ದದ್ದು ದಸರೆ ಕಳೆದ ಮೇಲೆ, ಚಿಕ್ಕಪ್ಪ ಬಂದು ಬಗಲಿಗೆ ಕೈ ಹಾಕಿ ಎತ್ತಿದಾಗ. ಆ ಹೊತ್ತಿಗೆ ಮಂಡಿ ಬಿಗಿದುಹೋಗಿತ್ತು. ಎಲುಬು ಕೂಡಿದ ರೀತಿಯೇ ಹಾಗೆ, ಬೇಗ ಎದ್ದಿದ್ದರೂ ಇಷ್ಟೇ ಆಗುತ್ತಿತ್ತೇನೋ ಎಂದರು ಡಾಕ್ಟರು. ಏನೋ ಎಂಬ ಆ ಮಾತಿನಲ್ಲಿಯೇ ನಾನು ಇಷ್ಟು ವರ್ಷ ಬದುಕಿದೆ. ದೀಪಾವಳಿಗೆ ಖೋಲಿ ಬಿಡುವಾಗ ಅವ್ವ ಕಂಪ್ಯೂಟರನ್ನು ಭಂಗಾರದವನಿಗೆ ಹಾಕಿದಳು.

ಹೋದ ವಾರ ಆ ವಾಸನೆ ಬಂದು ಗಂಟಲಲ್ಲಿ ಕೂತ ಮೇಲೆ ನನಗೆ ಊಟ ಸೇರಲಿಲ್ಲ. ಈಗ ನಾನು ಮದುವೆಯಾಗಿ ಸೋಲಾಪುರದಲ್ಲೇ ಇದ್ದೇನೆ. ಸುಟಿಯ ದಿನ ಗಂಡನಿಗೆ ಹೇಳಿ ಅಕ್ಕಲಕೋಟೆಯ ಬಸ್ ಹತ್ತಿದೆ. ಗೌತಮ ಈಗ ಯಾತ್ರಿಕರು ಇಳಿಯುವ ಒಂದು ಲಾಜಿನ ಕೌಂಟರಿನಲ್ಲಿ ಕೂಡುತ್ತಾನೆ. ಬಲಗಾಲನ್ನು ಒಂದು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿಕೊಂಡಿರುತ್ತಾನೆ. ಮದುವೆಯಾಗಿದೆ, ಸ್ವಲ್ಪ ದಪ್ಪಗಾಗಿದ್ದಾನೆ.

"ಏನಕ್ಕಾ, ಫೋನಿಲ್ಲ ಏನಿಲ್ಲ? ಭಾವ ಹೊರಗ ಹಾಕಿದ್ರೇನು? ರೂಮ್ ಖಾಲಿ ಇಲ್ಲ ನೋಡ ಮತ್ತ."

ನಾನು ನಿಂತೇ ಹೇಳಿದೆ. ಕೋಟೆ, ಬಾಗಿಲು, ಮಧ್ಯಾಹ್ನ, ಮೇಲಿನ ಸಾಲು, ಎಲ್ಲ. ಅವನು ಮೊದಲು ನಗುತ್ತಿದ್ದ. ಆಮೇಲೆ ನಗು ಹಾಗೇ ಮುಖದ ಮೇಲೆ ಒಣಗಿತು.

"ಎರಡ ಸಲ ಲೈಟ್ ಹೋಗಿತ್ತಂದಿ," ಎಂದ.

"ಹೂಂ."

"ನಾ ಲೈಟಿನವರಿಗೆ ಎಷ್ಟ ಬೈದೀನಿ, ಗೊತ್ತೇನು? ಇನ್ನಾ ಬೈತೀನಿ."

"ಗೌತಮ, ನಿನ್ನ ಕಾಲು ನನ್ನಿಂದ..."

"ಕಾಲಿನ ಮಾತ ಬ್ಯಾಡ." ಅವನು ಕೈ ಅಡ್ಡ ಹಿಡಿದ. "ಆಣಿ ಇಟ್ಟಾಂವ ನಾ, ಏಳದಾಂವ ನಾ. ಹಂಗಂತ ನೀ ಮಾಡಿದ್ದು ಛಲೋ ಆತು ಅನ್ನಂಗಿಲ್ಲ. ಸುಮ್ಮ ಕೂಡು."

ಕೂತೆ. ಗಂಡ ಹೆಂಡತಿ ಇಬ್ಬರು ಬ್ಯಾಗು ಹಿಡಿದು ಬಂದು, "ರೂಮ್ ಆಹೇ ಕಾ?" ಎಂದರು. ಗೌತಮ ಆಧಾರ್ ನೋಡಿ, ಕೀಲಿ ಕೊಟ್ಟು, ಬಿಸಿನೀರು ಯಾವ ಹೊತ್ತಿಗೆ ಎಂದು ಹೇಳಿ ಕಳಿಸಿದ. ಅವರು ಮೆಟ್ಟಿಲು ಹತ್ತಿ ಹೋಗುವವರೆಗೂ ಅವರ ಬೆನ್ನನ್ನೇ ನೋಡಿದ. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ, ನನ್ನ ಕಡೆ ನೋಡದೆ ಕೇಳಿದ:

"ಬಾಗಲಾ ಹೆಂಗ ತಗೀತು? ಮ್ಯಾಲ ಹೋತೋ, ಬಾಜೂಕ ಸರೀತೋ?"

"ಬಾಜೂಕ. ಎರಡೂ ಕಡಿಗೆ."

"ಮಾಡು?"

"ಇರಲೇ ಇಲ್ಲ. ಮುಗಲ. ಹರಿಯೂ ಮುಗಲ."

ಅವನ ಕೈ ನಿಂತಿತು. ನಾನು ಕಲ್ಲುಗಳ ಮಾತು ಹೇಳಿದೆ, ಕಂಬಗಳ ಮಾತು, ಬಾವಿಯಷ್ಟು ಕಿಟಕಿ, ಮಂಜಿನ ಮೇಲೆ ಬಿದ್ದ ಬೆಳಕು. ಬೆನ್ನು ತಿರುಗಿಸಿ ಕೂತದ್ದರ ಮಾತು ಹೇಳಿದಾಗ ಅವನು "ಆಂ?" ಎಂದು ಮುಂದಕ್ಕೆ ಬಾಗಿದ. ಕಾಲು ಸ್ಟೂಲಿನಿಂದ ಜಾರಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ಕಿಡಕಿ ಬಲಕ್ಕ ಅಂದಿ. ಎಡಕ್ಕ?"

"ಎಡಕ್ಕ..." ನಾನು ಎಷ್ಟು ನೆನೆದರೂ ಅಲ್ಲಿ ಏನೂ ಇರಲಿಲ್ಲ. "ಎಡಕ್ಕ ನಾ ನೋಡ್ಲಿಲ್ಲೋ."

ಅವನು ಪೆನ್ನನ್ನು ಕೌಂಟರಿನ ಮೇಲೆ ಒಗೆದ.

"ಅಲ್ಲಕ್ಕಾ! ನನ್ನ ಬಿಟ್ಟು ಕಳ್ಳಿ ಹಂಗ ಒಳಗ ಹೋಗ್ತಿ, ಹೋದಾಕಿ ಎಡಕ್ಕ ಒಂದೀಟು ಹೊಳ್ಳಿ ನೋಡಾಕ ಏನಾಗಿತ್ತು ನಿನಗ? ಕೀಲಿ ಇರ್ತಿತ್ತು ಅಲ್ಲಿ, ಮತ್ತೊಂದ ಬಾಗಲಾ ಇರ್ತಿತ್ತು! ಯಾವಾಗಲೂ ಎಡಕ್ಕ ಇರ್ತದ, ನಿನಗ ಗೊತ್ತಿಲ್ಲೇನು?"

ಅವನು ನಿಜವಾಗಿಯೂ ಬೈಯುತ್ತಿದ್ದ. ಬೆಂಚಿನ ಮೇಲೆ ಕೂತ ಯಾತ್ರಿಕರು ತಿರುಗಿ ನೋಡಿದರು. ಇಷ್ಟು ವರ್ಷ ಅವನು ಯಾವುದಕ್ಕೂ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಅಳಬ್ಯಾಡ," ಎಂದ. ಸ್ಟೂಲನ್ನು ಎಳೆದು ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟುಕೊಂಡ. "ಬಾಗಲದಿಂದ ಮತ್ತ ಹೇಳು. ಸಾವಕಾಶ ಹೇಳು."

ನಾನು ಬಾಗಿಲಿನಿಂದ ಮತ್ತೆ ಹೇಳತೊಡಗಿದೆ.